ಅಂಬಿಗನ ಕೈಗೆ ಸೌಟು ಬಂದ ತಿಂಗಳು

2022ರಲ್ಲಿ ನಾನು ನಂಜನಗೂಡಿನ ಒಂದು ಸಣ್ಣ ಪುನರ್ವಸತಿ ಕೇಂದ್ರದಲ್ಲಿ ವಾಕ್ ಚಿಕಿತ್ಸಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ವಾರದಲ್ಲಿ ನಾಲ್ಕು ದಿನ ನಂಜನಗೂಡು, ಮಂಗಳವಾರ ಮತ್ತು ಶುಕ್ರವಾರ ತಿ. ನರಸೀಪುರದ ಶಾಖೆ. ತೊದಲುವ ಮಕ್ಕಳು, ಕಿವಿ ಕೇಳದ ಮಕ್ಕಳು, ಸ್ಟ್ರೋಕ್ ಆಗಿ ಮಾತು ಕಳೆದುಕೊಂಡ ದೊಡ್ಡವರು ನಮ್ಮಲ್ಲಿಗೆ ಬರುತ್ತಿದ್ದರು. ಆ ಹೊತ್ತಿಗೆ ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದ್ದೆನಾದ್ದರಿಂದ, ಯಾರನ್ನು ಹೇಗೆ ಮಾತಾಡಿಸಬೇಕು ಎಂಬುದು ನನಗೆ ಗೊತ್ತಿದೆ ಎಂದೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದವರು ಮೂಗೂರಿನ ಮಹದೇವಸ್ವಾಮಿ. ಅವರ ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನಷ್ಟೇ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮಹದೇವಸ್ವಾಮಿಗೆ ಆಗ ನಲವತ್ಮೂರು ವರ್ಷ. ನರಸೀಪುರದ ರಸ್ತೆಯಲ್ಲಿ ಲಾರಿಗಳನ್ನು ತೂಕ ಮಾಡುವ ವೇಬ್ರಿಡ್ಜ್ ಒಂದರಲ್ಲಿ ಆಪರೇಟರ್. ಒಂದು ಬೆಳಿಗ್ಗೆ ಭತ್ತದ ಲಾರಿಯೊಂದರ ಚೀಟಿ ಕೊಡುತ್ತಿದ್ದಾಗ ಚೀಟಿ ಕೈಯಿಂದ ಜಾರಿತು, ಬಾಯಿ ಒಂದು ಪಕ್ಕಕ್ಕೆ ವಾಲಿತು. ಲಾರಿ ಡ್ರೈವರೇ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ. ಜೀವ ಉಳಿಯಿತು. ಬಲಗೈ, ಬಲಗಾಲು ನಿಧಾನವಾಗಿ ಸುಧಾರಿಸುತ್ತಿದ್ದವು. ಮಾತು ಮಾತ್ರ ಬರಲಿಲ್ಲ.

ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಬುದ್ಧಿಗೆ ಏನೂ ಆಗಿರುವುದಿಲ್ಲ. ಎದುರಿನವರು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ. ಹೇಳಬೇಕಾದ್ದು ಮನಸ್ಸಿನಲ್ಲೂ ಇರುತ್ತದೆ. ಆದರೆ ಪದ ಸಿಗುವುದಿಲ್ಲ, ಅಥವಾ ಒಂದು ಪದ ಕರೆದರೆ ಇನ್ನೊಂದು ಎದ್ದು ಬರುತ್ತದೆ. ಮಹದೇವಸ್ವಾಮಿಗೆ ಉಳಿದಿದ್ದು 'ಆಮೇಲೆ' ಎಂಬ ಒಂದೇ ಪದ. ನೀರು ಬೇಕಾದರೂ ಆಮೇಲೆ, ಹೆಂಡತಿಯನ್ನು ಕರೆಯಲೂ ಆಮೇಲೆ.

ಅವರ ಹೆಂಡತಿ ಶೋಭಾ ಅಂಗನವಾಡಿ ಕಾರ್ಯಕರ್ತೆ. ಮೊದಲ ದಿನವೇ ನನಗೆ ಹೇಳಿದ್ದರು: "ಬುದ್ಧಿ ಏನೂ ಓಗಿಲ್ಲ ಕಣ್ ಮೇಡಂ. ಕಣ್ಣು ನೋಡುದ್ರೆ ಗೊತ್ತಾಯ್ತದೆ ನಂಗೆ."

ನಾನು ಎಲ್ಲರಿಗೂ ಶುರು ಮಾಡುವಂತೆ ಚಿತ್ರದ ಕಾರ್ಡುಗಳಿಂದಲೇ ಶುರು ಮಾಡಿದೆ. ಕೋಳಿ, ಕೊಡೆ, ಚೊಂಬು, ಬಾಳೆಹಣ್ಣು. ಚಿತ್ರ ತೋರಿಸುವುದು, ಮೊದಲ ಅಕ್ಷರ ನಾನು ಹೇಳುವುದು, ಉಳಿದಿದ್ದನ್ನು ಅವರಿಂದ ಹೇಳಿಸುವುದು. ಪದ್ಧತಿ ತಪ್ಪಲ್ಲ, ಎಷ್ಟೋ ಜನರಿಗೆ ಅದರಿಂದ ಮಾತು ಮರಳಿದೆ. ಆದರೆ ಐದನೆಯ ವಾರ ನಾನು ಕೋಳಿಯ ಕಾರ್ಡನ್ನು ಇನ್ನೊಮ್ಮೆ ಎತ್ತಿ ಹಿಡಿದಾಗ ಮಹದೇವಸ್ವಾಮಿ ಎಡಗೈಯಿಂದ ಮೇಜಿನ ಮೇಲಿದ್ದ ಕಾರ್ಡುಗಳನ್ನೆಲ್ಲ ನೆಲಕ್ಕೆ ಸರಿಸಿಬಿಟ್ಟರು. ಶೋಭಾ ಕೂತು ಅವನ್ನು ಆಯುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಫೈಲಿನಲ್ಲಿ 'ರೋಗಿಯ ಸಹಕಾರವಿಲ್ಲ' ಎಂದು ಬರೆದು ಮುಚ್ಚಿಟ್ಟೆ. ಹಾಗೆ ಬರೆದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ತಿಂಗಳಾದ ಮೇಲೆ ನಂಜನಗೂಡಿನ ಕೇಂದ್ರಕ್ಕೆ ಮೂವತ್ತೈದರ ಆಸುಪಾಸಿನ ಒಬ್ಬರು ಬಂದರು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಬೆರಳ ತುದಿಯಲ್ಲಿ ಪೇಂಟು. ಹೆಸರು ಇರ್ಫಾನ್. ಬಜಾರಿನ ಹತ್ತಿರ ಫ್ಲೆಕ್ಸ್ ಬ್ಯಾನರ್ ವಿನ್ಯಾಸ ಮಾಡುವ ಅಂಗಡಿ.

"ಮೇಡಂ, ಸ್ವಾಮಣ್ಣ ಫೋನ್ ಎತ್ತಲ್ಲ. ಮನೆಗೋದ್ರೆ ಒಳಗ್ ಓಗ್ಬುಡ್ತಾರೆ. ಶೋಭಕ್ಕನೇ ನಿಮ್ ಹೆಸರು ಹೇಳುದ್ರು. ನಾವಿಬ್ರೂ ಆಟ ಮಾಡ್ತೀವಿ" ಎಂದರು.

ನನಗೆ ಅರ್ಥವಾಗಲಿಲ್ಲ. ಇರ್ಫಾನ್ ವಿವರಿಸಿದರು. ಕಂಪ್ಯೂಟರ್ ಆಟಗಳಲ್ಲಿ ಅಡ್ವೆಂಚರ್ ಗೇಮ್ ಎಂಬ ಒಂದು ಬಗೆ ಇದೆ. ಗುಂಡು ಹಾರಿಸುವುದು, ಓಡುವುದು ಏನೂ ಇರುವುದಿಲ್ಲ. ಪರದೆಯ ಮೇಲೆ ಒಂದು ಚಿತ್ರ, ಅದರೊಳಗೆ ಒಬ್ಬ ಮನುಷ್ಯ. ಅವನನ್ನು ನಡೆಸಿಕೊಂಡು ಹೋಗಿ ವಸ್ತುಗಳನ್ನು ನೋಡಬೇಕು, ಎತ್ತಿಕೊಳ್ಳಬೇಕು, ಎದುರು ಸಿಕ್ಕವರನ್ನು ಮಾತಾಡಿಸಬೇಕು. ಸಮಸ್ಯೆ ಬಿಡಿಸಿದರೆ ಕಥೆ ಮುಂದಕ್ಕೆ ಹೋಗುತ್ತದೆ. ಇಂಥ ಆಟಗಳನ್ನು ಹವ್ಯಾಸಕ್ಕಾಗಿ ಮಾಡುವವರು ಲೋಕದ ತುಂಬ ಇದ್ದಾರೆ. ಅವರದೊಂದು ಇಂಟರ್‌ನೆಟ್ ಕೂಟದಲ್ಲಿ ಪ್ರತಿ ತಿಂಗಳೂ ಸ್ಪರ್ಧೆ. ಮೊದಲ ದಿನ ಒಂದು ವಿಷಯ ಕೊಡುತ್ತಾರೆ, ಕೊನೆಯ ದಿನದೊಳಗೆ ಒಂದು ಪುಟ್ಟ ಆಟ ಮಾಡಿ ಹಾಕಬೇಕು. ಗೆದ್ದವರಿಗೆ ಹೆಸರಿನ ಪಕ್ಕ ಒಂದು ಲೋಟದ ಚಿತ್ರ, ಮುಂದಿನ ತಿಂಗಳ ವಿಷಯ ಆರಿಸುವ ಹಕ್ಕು. ಅಷ್ಟೇ.

ಮಹದೇವಸ್ವಾಮಿ ಒಂದು ಲಾರಿಗೂ ಇನ್ನೊಂದು ಲಾರಿಗೂ ನಡುವಿನ ಬಿಡುವಿನಲ್ಲಿ ಈ ವಿದ್ಯೆ ಕಲಿತಿದ್ದರು. ಆ ಕೂಟದಲ್ಲಿ ಇರ್ಫಾನ್ ಜೊತೆ ಮುರುಕು ಇಂಗ್ಲಿಷಿನಲ್ಲಿ ಎರಡು ತಿಂಗಳು ಹರಟಿದ ಮೇಲೆ, ಇಬ್ಬರೂ ಒಂದೇ ಬಸ್ಸಿನ ದಾರಿಯವರು ಎಂದು ಗೊತ್ತಾಯಿತಂತೆ. ಅಂದಿನಿಂದ ಕಥೆ, ಮಾತು ಸ್ವಾಮಿಯವರದು; ಚಿತ್ರ ಇರ್ಫಾನರದು. ಕನ್ನಡದಲ್ಲೇ ಬರೆದು ಕೆಳಗೆ ಇಂಗ್ಲಿಷ್ ಹಾಕುತ್ತಿದ್ದರು. ಹೀಗೆ ಏಳು ಆಟ ಮಾಡಿದ್ದರು.

ಒಂದನ್ನು ನನ್ನಿಂದ ಆಡಿಸಿದರು. ಖಾಲಿ ಲಾರಿಯೊಂದು ತಕ್ಕಡಿಯ ಮೇಲೆ ಪ್ರತಿ ಸಲವೂ ಐವತ್ತು ಕೆ.ಜಿ. ಹೆಚ್ಚು ತೂಗುತ್ತದೆ. ಯಾಕೆಂದು ಹುಡುಕಬೇಕು. ಅರ್ಧ ಗಂಟೆ ತಡಕಾಡಿ, ಕೊನೆಗೆ ಸೀಟಿನ ಹಿಂದೆ ಗೋಣಿಚೀಲದ ಮೇಲೆ ಮಲಗಿದ್ದ ಕರುವನ್ನು ಕಂಡು ನಾನು ಜೋರಾಗಿ ನಕ್ಕೆ. ಆಗಲೇ ಪರದೆಯ ಕೆಳಗಿನ ಸಾಲಿನ ಮೇಲೆ ನನ್ನ ಕಣ್ಣು ಬಿತ್ತು. ನೋಡು. ತಗೊ. ಕೊಡು. ತೆಗಿ. ಮಾತಾಡು. ಅಫೇಸಿಯಾ ಚಿಕಿತ್ಸೆಯಲ್ಲಿ ನಾವು ಮತ್ತೆ ಕಲಿಸಲು ಹೆಣಗುವ ಕ್ರಿಯಾಪದಗಳೇ ಅವು. ಇಷ್ಟೆಲ್ಲ ಮಾತುಕತೆ ಕಟ್ಟಿದ ಮನುಷ್ಯನಿಗೆ ನಾನು ಐದು ವಾರ ಕೋಳಿಯ ಚಿತ್ರ ತೋರಿಸಿದ್ದೆ.

ಶೋಭಾಗೆ ಫೋನು ಮಾಡಿ ಕೇಳಿ, ಆ ಶುಕ್ರವಾರ ನರಸೀಪುರದ ಕೆಲಸ ಮುಗಿಸಿ ಇರ್ಫಾನರೊಂದಿಗೆ ಮೂಗೂರಿಗೆ ಹೋದೆ. ಶೋಭಾ ಗಂಡನ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. "ಕಂಪ್ಯೂಟರ್ ನೋಡಿ ನೋಡಿನೇ ತಲೆ ನರ ಕಿತ್ತೋಯ್ತು ಅಂತಾರೆ ಎಲ್ರೂವೆ" ಎಂದರು. ಇದಕ್ಕೆ ಕಾರಣ ರಕ್ತದೊತ್ತಡ, ಕಂಪ್ಯೂಟರ್ ಅಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವರು ಬೀಗದ ಕೈ ತಂದರು.

ಮಹದೇವಸ್ವಾಮಿ ಹಜಾರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಲ್ಯಾಪ್‌ಟಾಪ್ ಶುರುವಾದ ಸದ್ದಿಗೆ ತಿರುಗಿದರು. ಇರ್ಫಾನ್ ಮೌಸನ್ನು ಅವರ ಎಡಗೈಯ ಕೆಳಗಿಟ್ಟು, "ಈ ತಿಂಗಳ ವಿಷಯ ದಾಟೋದು. ನದಿ ಬರ್ದಿದೀನಿ. ಕಥೆ ಇಲ್ಲ" ಎಂದರು.

ಪರದೆಯಲ್ಲಿ ನದಿ, ದಡದಲ್ಲಿ ಹಲಸಿನ ಹಣ್ಣು ಹೊತ್ತ ಅಜ್ಜಿ, ಹರಿಗೋಲಿನಲ್ಲಿ ಅಂಬಿಗ. ಸ್ವಾಮಿ ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಅಜ್ಜಿಯನ್ನೂ ಅಂಬಿಗನನ್ನೂ ತೋರಿಸಿ, ಮುನಿಸಿಕೊಂಡವರಂತೆ ತಮ್ಮ ಮುಖವನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗಿಸಿದರು.

"ಮಾತು ಬಿಟ್ಟವ್ರಾ?" ಎಂದರು ಇರ್ಫಾನ್.

ಸ್ವಾಮಿ ತಲೆಯಾಡಿಸಿದರು. ಕಥೆ ಹುಟ್ಟಿತು.

ಮುಂದಿನ ಮೂರು ವಾರ, ಮಂಗಳವಾರ, ಶುಕ್ರವಾರ ಅವರ ಹಜಾರವೇ ನನ್ನ ಚಿಕಿತ್ಸಾ ಕೊಠಡಿಯಾಯಿತು. ನಿಯಮ ಒಂದೇ: ಪರದೆಯ ಮೇಲೆ ಏನೇ ಇಡಬೇಕಾದರೂ ಸ್ವಾಮಿ ಅದರ ಹೆಸರು ಹೇಳಲು ಪ್ರಯತ್ನಿಸಬೇಕು. ಮೊದಲ ದಿನ 'ಆಮೇಲೆ', 'ಆಮೇಲೆ' ಅಷ್ಟೇ. ಎರಡನೆಯ ದಿನ 'ನೀರು' ಬಂತು. ಮೂರನೆಯ ದಿನ ಅಂಬಿಗನ ಕೈಗೆ ಕೊಡಬೇಕಾದ ಹುಟ್ಟನ್ನು ತೋರಿಸಿ, ಹಣೆಯ ನರ ಉಬ್ಬುವಷ್ಟು ಕಷ್ಟಪಟ್ಟು, ಸ್ಪಷ್ಟವಾಗಿ "ಸೌಟು" ಎಂದರು.

ಇರ್ಫಾನ್ ತಡೆಯಲಾರದೆ ನಕ್ಕುಬಿಟ್ಟರು. ತಪ್ಪಾಯಿತೇನೋ ಎಂದು ನಾನು ಹೆದರಿದೆ. ನೋಡಿದರೆ ಸ್ವಾಮಿಯೂ ನಗುತ್ತಿದ್ದಾರೆ, ಹೆಗಲು ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ. ನಾಲ್ಕು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು ಎಂದು ಶೋಭಾ ನಂತರ ಹೇಳಿದರು. ಇರ್ಫಾನ್ ಅಲ್ಲೇ ಒಂದು ಉದ್ದನೆಯ ಸೌಟು ಬರೆದು ಅಂಬಿಗನ ಕೈಗೆ ಕೊಟ್ಟರು.

ಅಡುಗೆಮನೆಯಿಂದ ಕಾಫಿ ತಂದ ಶೋಭಾ ಅದನ್ನು ನೋಡಿ ಅಲ್ಲೇ ನಿಂತರು. "ಊರೋರು ನಗ್ತಾರೆ ಅಂತ ಇವ್ರು ಬಾಗ್ಲಾಚೆಗೇ ಬತ್ತಿಲ್ಲ. ನೀವು ಪರಪಂಚಕ್ಕೆಲ್ಲ ತೋರ್ಸಿ ನಗುಸ್ತೀರಾ?" ಎಂದರು.

ಅವರು ಹೇಳಿದ್ದು ನನಗೂ ಸರಿ ಎನಿಸಿತು. ರೋಗಿಯ ತೊಂದರೆ ತಮಾಷೆಯ ವಸ್ತುವಾಗಬಾರದು. "ತೆಗೀರಿ ಇರ್ಫಾನ್, ಹುಟ್ಟನ್ನೇ ಹಾಕಿ" ಎಂದೆ. ಅವರು ಬದಲಾಯಿಸಿದರು. ಸ್ವಾಮಿ ಮೂವರ ಮುಖವನ್ನೂ ನೋಡಿದರು. ಎಡಗೈಯಿಂದ ಮೌಸ್ ಹಿಡಿದು, ಎರಡು ಸಲ ಜಾರಿಸಿ, ಮೂರನೆಯ ಸಲ ಸೌಟನ್ನು ಎಳೆದು ತಂದು ಅಂಬಿಗನ ಕೈಯಲ್ಲಿಟ್ಟರು. ಹೆಂಡತಿಯ ಕಡೆ ತಿರುಗಿ ಎದೆ ಮುಟ್ಟಿಕೊಂಡು ಹೇಳಿದರು:

"ನಂದು. ಆಟ."

ಸ್ಟ್ರೋಕ್ ಆದ ಮೇಲೆ ಅವರು ಎರಡು ಪದ ಜೋಡಿಸಿದ್ದು ಅದೇ ಮೊದಲ ಸಲ. ಶೋಭಾ ಕಾಫಿ ತಟ್ಟೆಯನ್ನು ನೆಲದ ಮೇಲಿಟ್ಟು ಅವರ ಪಕ್ಕದಲ್ಲೇ ಕೂತುಬಿಟ್ಟರು. ಆ ದಿನದಿಂದ ಅವರೂ ಆಟದ ಕೆಲಸಕ್ಕೆ ಕೂರತೊಡಗಿದರು.

ಕಥೆ ಹೀಗೆ ಬೆಳೆಯಿತು. ಅಜ್ಜಿ ಮಗಳ ಮನೆಗೆ ಹೋಗಬೇಕು. ಅಂಬಿಗ ತನ್ನ ಮೇಲೆ ಕೋಪಕ್ಕೆ ಮಾತು ಬಿಟ್ಟಿದ್ದಾನೆ ಎಂದು ಅವಳು ತಿಳಿದಿದ್ದಾಳೆ. ನಿಜಕ್ಕೂ ಅವನಿಗೆ ಪದಗಳು ತಪ್ಪಿ ಬರುತ್ತವೆ, ಅದಕ್ಕೇ ಸುಮ್ಮನಿದ್ದಾನೆ. ಅವನು ಕೊಡೆ ಕೇಳಿದರೆ ಬೇಕಾಗಿರುವುದು ಟವೆಲ್ಲು, ಕೋಳಿ ಎಂದರೆ ಹಗ್ಗ. ಅಜ್ಜಿ ಅವನ ಕೈ, ಕಣ್ಣು ನೋಡಿ ಅರ್ಥ ಮಾಡಿಕೊಳ್ಳಬೇಕು. ಅವಸರ ಮಾಡಿದರೆ ಅಂಬಿಗ ಮುಖ ತಿರುಗಿಸಿಬಿಡುತ್ತಾನೆ. ಕೋಳಿಯನ್ನು ಆಟಕ್ಕೆ ಸೇರಿಸುವಾಗ ಸ್ವಾಮಿ ನನ್ನನ್ನು ಓರೆಗಣ್ಣಿನಿಂದ ನೋಡಿದ್ದು ನೆನಪಿದೆ.

ಅಂಬಿಗ ಕೊನೆಗೆ ಹೇಳುವ ಒಂದು ಮಾತು ಸ್ವಾಮಿಯ ಧ್ವನಿಯಲ್ಲೇ ಇರಲಿ ಎಂದು ಇರ್ಫಾನ್ ಕೇಳಿಕೊಂಡರು. ಆರಿಸಿದ ಸಾಲು 'ಹತ್ತವ್ವ, ಹುಷಾರು'. ಉಳಿದ ಭೇಟಿಗಳಲ್ಲೆಲ್ಲ ಅದನ್ನೇ ಅಭ್ಯಾಸ ಮಾಡಿಸಿದೆ. ನನ್ನ ಜೊತೆ ಹೇಳುವಾಗ ಬರುತ್ತಿತ್ತು. ಒಬ್ಬರೇ ಹೇಳಲು ಹೋದರೆ ಕಳಚಿಹೋಗುತ್ತಿತ್ತು.

ತಿಂಗಳ ಕೊನೆಯ ದಿನ. ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆಗೆ ಸ್ಪರ್ಧೆ ಮುಚ್ಚುತ್ತಿತ್ತು. ಮಧ್ಯಾಹ್ನ ಎರಡರಿಂದ ಧ್ವನಿಮುದ್ರಣಕ್ಕೆ ಕೂತೆವು. ಶೋಭಾ ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿದರು. ಮೊದಲ ಸಲ ಬರಿಯ ಉಸಿರು. ಎರಡನೆಯ ಸಲ "ಹತ್ತು" ಎಂದು ನಿಂತರು. ಏಳನೆಯ ಸಲಕ್ಕೆ "ಹತ್ತು... ಆಮೇಲೆ". ಬೆವರು ಇಳಿಯುತ್ತಿತ್ತು. ಇರ್ಫಾನ್ ಮೆತ್ತಗೆ, "ಬುಡಿ ಸ್ವಾಮಣ್ಣ, ಅಕ್ಷರದಲ್ಲೇ ಹಾಕ್ತೀನಿ" ಎಂದರು. ಸ್ವಾಮಿ ಬೇಡವೆಂದು ಕೈಯಾಡಿಸಿದರು.

ನನ್ನ ನಾಲಿಗೆಯ ತುದಿಯಲ್ಲಿ 'ಹು' ಅಕ್ಷರ ಸಿದ್ಧವಾಗಿತ್ತು. ಅದನ್ನು ಎತ್ತಿಕೊಟ್ಟಿದ್ದರೆ ಅವರು ಹೇಳಿಬಿಡುತ್ತಿದ್ದರು. ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಅದನ್ನೇ. ಅವತ್ತು ತುಟಿ ಬಿಗಿಹಿಡಿದು ಕೂತೆ. ಮೌನ ಎಷ್ಟು ಉದ್ದವಾಯಿತೆಂದರೆ ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದದ್ದು ಶುರುವಿನಿಂದ ಕೊನೆಯವರೆಗೆ ಕೇಳಿಸಿತು. ಸ್ವಾಮಿ ಪರದೆಯ ಮೇಲಿನ ಅಜ್ಜಿಯನ್ನೇ ನೋಡುತ್ತಿದ್ದರು. ಎಡಗೈ ತಾನಾಗಿ ಮುಂದೆ ಚಾಚಿತು, ಹರಿಗೋಲು ಹತ್ತುವವರಿಗೆ ಕೈ ಕೊಡುವ ಹಾಗೆ.

"ಹತ್ತವ್ವ... ನಿದಾನ."

ನಾವು ಕಲಿಸಿದ ಪದ ಅದಲ್ಲ. 'ನಿಧಾನ' ನನ್ನ ಪಟ್ಟಿಯಲ್ಲೇ ಇರಲಿಲ್ಲ. ಅವರೇ ಹುಡುಕಿ ತಂದಿದ್ದರು, ಕಥೆಗೆ ಅದೇ ಹೆಚ್ಚು ಹೊಂದುತ್ತಿತ್ತು. ಇರ್ಫಾನ್ ಕಣ್ಣೊರೆಸಿಕೊಂಡು ಸೇವ್ ಒತ್ತಿದರು. ಮನೆಯೊಳಗೆ ಸಿಗ್ನಲ್ ಸಾಲದೆ ತಾರಸಿಗೆ ಹತ್ತಿ, ನಾಲ್ಕು ಇಪ್ಪತ್ತಕ್ಕೆ ಆಟವನ್ನು ಕಳಿಸಿದರು.

ಆ ತಿಂಗಳು ಸ್ಪರ್ಧೆಗೆ ಬಂದದ್ದು ನಾಲ್ಕೇ ಆಟ. ಗೆದ್ದಿದ್ದು ಹೆಂಚಿನ ಮೇಲೆ ಓಡಾಡುವ ಒಂದು ಬೆಕ್ಕು. ನಮ್ಮದು ಎರಡನೆಯದು. ಬೆಕ್ಕಿನ ಆಟ ನಿಜಕ್ಕೂ ಚೆನ್ನಾಗಿತ್ತು. ಆದರೆ ನಮ್ಮ ಆಟದ ಕೆಳಗೆ ಯಾವುದೋ ದೇಶದವರೊಬ್ಬರು ಬರೆದಿದ್ದ ನಾಲ್ಕು ಸಾಲನ್ನು ಇರ್ಫಾನ್ ಕನ್ನಡದಲ್ಲಿ ಓದಿ ಹೇಳಿದರು: ನನ್ನ ಅಪ್ಪನೂ ಈ ಅಂಬಿಗನ ಹಾಗೆಯೇ ಮಾತಾಡುತ್ತಾರೆ. ಎರಡು ವರ್ಷದಿಂದ ಅವರ ಪ್ರತಿ ವಾಕ್ಯವನ್ನೂ ನಾನೇ ಮುಗಿಸುತ್ತಿದ್ದೆ. ಇವತ್ತು ಸುಮ್ಮನಿದ್ದೆ. ಅವರು ಚಹಾ ಕೇಳಿದರು.

ಶೋಭಾ ಅದನ್ನು ಇನ್ನೊಮ್ಮೆ ಓದಿಸಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡು, "ಯಾರೂ ನಗ್ನಿಲ್ಲ ಅಲ್ವಾ?" ಎಂದರು ಗಂಡನಿಗೆ.

"ಇಲ್ಲ" ಎಂದರು ಸ್ವಾಮಿ.

ಚಿಕಿತ್ಸೆ ಮತ್ತೆ ಹದಿನಾಲ್ಕು ತಿಂಗಳು ನಡೆಯಿತು. ಮಾತು ಪೂರ್ತಿ ಮರಳಲಿಲ್ಲ, ಮರಳುತ್ತದೆ ಎಂದು ನಾನು ಅವರಿಗೆ ಹೇಳಲೂ ಇಲ್ಲ. ಮೂರು ನಾಲ್ಕು ಪದಗಳ ವಾಕ್ಯಗಳಲ್ಲಿ ಈಗ ಅವರ ಸಂಸಾರ, ವ್ಯವಹಾರ ಸಾಗುತ್ತದೆ. ವೇಬ್ರಿಡ್ಜಿನ ಮಾಲೀಕರು ಬೆಳಗಿನ ಪಾಳಿ ಕೊಟ್ಟಿದ್ದಾರೆ. ಆಟಗಳು ಪ್ರತಿ ತಿಂಗಳು ಆಗುವುದಿಲ್ಲ, ಮೂರು ತಿಂಗಳಿಗೊಂದಾಗುತ್ತವೆ. ಉದ್ದದ ಮಾತುಗಳನ್ನು ಶೋಭಾ ಬರೆಯುತ್ತಾರೆ, ಸ್ವಾಮಿ ಹೊಡೆದುಹಾಕುತ್ತಾರೆ. ಇದಕ್ಕೆ ಜಗಳವೂ ಆಗುತ್ತದಂತೆ.

ಈ ಪ್ರಕರಣದ ನಂತರ ನನ್ನ ಕೆಲಸದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಹೊಸದಾಗಿ ಬಂದವರ ಮನೆಯವರನ್ನು ಮೊದಲು ಏನೇನು ಬರುವುದಿಲ್ಲ ಎಂದು ಕೇಳುತ್ತಿದ್ದೆ. ಅದನ್ನು ಹಿಂದಕ್ಕೆ ಹಾಕಿ, ಯಾರ ಬಲವಂತವೂ ಇಲ್ಲದೆ ಇವರು ಏನು ಮಾಡಿಕೊಂಡಿದ್ದರು ಎಂದು ಕೇಳಲು ಕಲಿತೆ. ಮನುಷ್ಯ ಇಷ್ಟಪಟ್ಟು ಮಾಡಿದ ಕೆಲಸದ ಸುತ್ತ ಅವನ ಪದಗಳು ಇನ್ನೂ ಜೀವ ಹಿಡಿದಿರುತ್ತವೆ. ಅಲ್ಲಿಗೆ ಹೋಗಿ ಕೂತು ಕಾಯಬೇಕು.

ನಿವೃತ್ತಿಗೆ ಮುಂಚಿನ ಕೊನೆಯ ವಾರ ಕಳಲೆಯಿಂದ, ಸ್ಟ್ರೋಕ್ ಆಗಿ ಮಾತು ನಿಂತಿದ್ದ ಅರವತ್ತೆಂಟು ವರ್ಷದ ಒಬ್ಬರನ್ನು ಕರೆತಂದಿದ್ದರು. ನಾನು ಆ ಪ್ರಶ್ನೆ ಕೇಳಿದಾಗ ಮಗ ಹೇಳಿದ: "ಏನೂ ಇಲ್ಲ ಮೇಡಂ, ಹೊಲ ಮನೆ ಅಷ್ಟೇಯ." ತಂದೆ ಮಗನನ್ನೊಮ್ಮೆ ನೋಡಿದರು. ಎರಡು ಬೆರಳನ್ನು ನಿಧಾನವಾಗಿ ತುಟಿಗೆ ತಂದು ಊದಿದರು. ಗಾಳಿ ಬಂತು. ಮತ್ತೆ ಊದಿದರು. ಮೂರನೆಯ ಸಲಕ್ಕೆ, ಕೇಂದ್ರದ ಎಲ್ಲ ಕೊಠಡಿಗಳಿಂದಲೂ ಜನ ಇಣುಕಿ ನೋಡುವಂಥ ಒಂದು ಸಿಳ್ಳೆ ಬಂತು.