ಸುತ್ತು ದಾರಿಯ ನಕ್ಷೆ

ಆ ಮುಖ್ಯೋಪಾಧ್ಯಾಯರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ನನ್ನ ಮೇಲಿನ ಸಿಟ್ಟು ಅದಕ್ಕಿಂತ ಒಂದು ಹಿಡಿ ಹೆಚ್ಚು.

ತೊಂಬತ್ತರ ದಶಕದ ನಡುವಿನ ಮಾತು. ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸವಿಲ್ಲದೆ ಶ್ರೀರಂಗಪಟ್ಟಣದ ಮನೆಯಲ್ಲಿ ಕೂತಿದ್ದೆ. ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಶಾಲೆಗೆ ತರುವ ಬೇಸಿಗೆ ಶಿಬಿರಕ್ಕೆ ಜನ ಬೇಕು ಎಂದರು, ಹೋದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ತೊಣ್ಣೂರಿನ ಕಡೆಗೆ ಹೋದರೆ ಸಿಗುವ ಊರು. ಊರಾಚೆಯ ಕಾಲೋನಿಯಿಂದ ಒಂಬತ್ತು ಮಕ್ಕಳು ಬಂದರು.

"ಇವಕ್ಕೆಲ್ಲ ಓದು ಹತ್ತಲ್ಲ ಕಣಮ್ಮ, ಸುಮ್ನೆ ಆಟ ಆಡಿಸಿ ಕಳಿಸಿ" ಎಂದರು ಮುಖ್ಯೋಪಾಧ್ಯಾಯರು, ಕೋಣೆಯ ಬೀಗ ತೆಗೆಯುತ್ತಾ.

ಒಬ್ಬ ಹುಡುಗಿಯಿದ್ದಳು, ಹನ್ನೊಂದರ ಆಸುಪಾಸು. ಸೊಂಟದ ಮೇಲೆ ಯಾವಾಗಲೂ ತಮ್ಮ. ಮೂರನೇ ಕ್ಲಾಸಿಗೇ ಯಾಕೆ ಬಿಟ್ಟೆ ಎಂದು ಕೇಳಿದೆ.

"ಬೆಳಗ್ಗೆ ನಾವೇ ಕಸ ಗುಡಿಸ್ಬೇಕು, ಕಕ್ಕಸು ತೊಳೀಬೇಕು. ಅಷ್ಟೊತ್ಗೆ ಮೊದಲ್ನೇ ಪಾಠ ಮುಗ್ದೋಗಿರದು. ಆಮೇಕೆ ಲೆಕ್ಕ ಬರಲ್ಲ ಅಂತ ಮೇಷ್ಟ್ರು ಒಡೀತಿದ್ರು."

ಬೇರೆ ಮಕ್ಕಳು ಗುಡಿಸುತ್ತಿರಲಿಲ್ಲವೇ ಎಂದೆ. ಎಂಥ ಪ್ರಶ್ನೆ ಎನ್ನುವಂತೆ ನನ್ನ ಮುಖ ನೋಡಿದಳು.

ಸ್ಲೇಟು ಕಂಡರೆ ಆ ಮಕ್ಕಳು ಎದ್ದು ಹೋಗುತ್ತಿದ್ದರು. ಸ್ಲೇಟು ಒಳಗಿಟ್ಟೆ. ಹಳೇ ಕ್ಯಾಲೆಂಡರುಗಳ ಹಿಂಬದಿಯನ್ನು ಮೈದಾ ಅಂಟಿನಿಂದ ಜೋಡಿಸಿ, ನೆಲದ ಮೇಲೆ ಹಾಸಿ, "ನಿಮ್ಮೂರು ಬರೀರಿ" ಎಂದೆ. ಇಟ್ಟಿಗೆ ಪುಡಿ, ಅರಿಶಿನ, ಇದ್ದಿಲು, ಸೊಪ್ಪಿನ ರಸ, ಇವೇ ನಮ್ಮ ಬಣ್ಣ. ಹೆಜ್ಜೆಯಲ್ಲಿ ಬೀದಿಗಳನ್ನು ಅಳೆದರು, ಜಗಳವಾಡಿ ಮತ್ತೆ ಅಳೆದರು. ಕೂಡುವುದು ಕಳೆಯುವುದು ತಾನಾಗಿಯೇ ಬಂತು. ನಾಲ್ಕನೇ ದಿನ ಆ ಹುಡುಗಿ, "ನಮ್ಮವ್ವನ ಎಸ್ರು ಎಂಗಕ್ಕ ಬರಿಯದು?" ಎಂದಳು. ಮನೆ ಬರೆದ ಮೇಲೆ ಯಾರ ಮನೆ ಎಂದು ಬರೆಯಬೇಡವೇ? ಒಂಬತ್ತು ಮಂದಿಯೂ ಅಕ್ಷರಕ್ಕೆ ಮುಗಿಬಿದ್ದರು.

ನಕ್ಷೆಯಲ್ಲಿ ಕಾಲೋನಿಯಿಂದ ಶಾಲೆಗೆ ಬರುವ ದಾರಿ ದೇವಸ್ಥಾನದ ಹತ್ತಿರ ತಟ್ಟನೆ ತಿರುಗಿ, ತಿಪ್ಪೆಗಳ ಹಿಂದೆ, ನಾಲೆಯ ಏರಿ ಮೇಲೆ ಸುತ್ತಿಕೊಂಡು ಬರುತ್ತಿತ್ತು. ನೇರ ಬೀದಿಗಿಂತ ಮೂರು ಪಟ್ಟು ಹೆಜ್ಜೆ ಎಂದು ಮಕ್ಕಳೇ ಲೆಕ್ಕ ಹಾಕಿದ್ದರು. ಯಾಕೆ ಹೀಗೆ ಎಂದರೆ, "ದೊಡ್ಡ ಬೀದೀಲಿ ನಾವು ನಡ್ಯಂಗಿಲ್ಲ ಕಣಕ್ಕ" ಎಂದರು.

ಸಮಾರೋಪಕ್ಕೆ ಎರಡು ದಿನವಿರುವಾಗ ಮುಖ್ಯೋಪಾಧ್ಯಾಯರು ನಕ್ಷೆ ನೋಡಿದರು.

"ತಾಲ್ಲೂಕಿಂದ ಸಾಹೇಬ್ರು ಬರ್ತಾರಮ್ಮ. ಈ ದಾರೀನ ಸ್ವಲ್ಪ ನೆಟ್ಟಗೆ ಮಾಡಿಸ್ಬಿಡಿ. ಊರ್ನೋರು ಏನಂದ್ಕೋತಾರೆ? ಒಂದು ನವಿಲು ಬರೆಸಿ, ಚೆನ್ನಾಗಿರ್ತದೆ."

ನಾನು ಆಗಲಿ ಸಾರ್ ಎಂದೆ. ಹೌದು, ಎಂದೆ. ಹೋಗಿ ಹುಡುಗಿಯ ಕೈಗೆ ಇದ್ದಿಲು ಕೊಟ್ಟು, ದಾರಿಯನ್ನು ನೇರ ಮಾಡು ಎಂದೆ. ಅವಳ ಮುಖ ಅರಳಿತು.

"ಅಂಗಾರೆ ನಾಳೆಯಿಂದ ನಾವು ನೆಟ್ಗೆ ನಡೀಬೌದಾ ಅಕ್ಕ?"

ಅವಳು ಚುಚ್ಚಿ ಕೇಳಲಿಲ್ಲ, ನಿಜವೆಂದು ನಂಬಿ ಕೇಳಿದಳು. ನಾನು ಇದ್ದಿಲನ್ನು ವಾಪಸು ತೆಗೆದುಕೊಂಡೆ. ಅವರ ಕೋಣೆಗೆ ಹೋಗಿ, "ಆಗಲ್ಲ ಸಾರ್, ಇರೋದು ಇದ್ದ ಹಾಗೇ ಇರುತ್ತೆ" ಎಂದೆ. ಅವರು ಕೋಣೆಯ ಬೀಗದ ಕೈ ವಾಪಸು ಕೊಡಿ ಎಂದು ಕೈ ಚಾಚಿದರು. ಸಮಾರೋಪದಲ್ಲಿ ಊರೊಳಗಿನ ಮಕ್ಕಳು ಕುಣಿದರು, ಸಾಹೇಬರು ಚಪ್ಪಾಳೆ ತಟ್ಟಿದರು. ನಮ್ಮ ಶಿಬಿರ ಕಾಲೋನಿಯ ಹೊಂಗೆ ಮರದ ಕೆಳಗೆ ಮುಂದುವರಿಯಿತು.

ಜೂನ್‌ನಲ್ಲಿ ಒಂಬತ್ತರಲ್ಲಿ ಆರು ಮಕ್ಕಳನ್ನು ಶಾಲೆಗೆ ಸೇರಿಸಲು ಹೊರಟೆವು. ಹುಡುಗಿಯ ತಾಯಿ ಕಬ್ಬಿನ ಗದ್ದೆಯ ಕೂಲಿ ಬಿಟ್ಟು ಬಂದಿದ್ದಳು. "ದೊಡ್ಡ ಬೀದೀಲೇ ನಡಿ ಕಣವ್ವ" ಎಂದು ಮಗಳಿಗೆ ಹೇಳಿ ನನಗಿಂತ ಮುಂದೆ ನಡೆದಳು.

ಜಗಲಿಯ ಮೇಲಿದ್ದ ಮುದುಕರೊಬ್ಬರು ಕೂಗಿದರು: "ಯಾರಮ್ಮೀ ಅದು? ಎತ್ಲಾಗೆ?"

"ಇಸ್ಕೂಲ್ಗೆ ಕಣ್ ಯಜಮಾನ್ರೆ. ಆ ದಾರಿ ದೂರ ಆಯ್ತದೆ."

ಅವಳು ಮಗಳ ಕೈಯನ್ನು ಬಿಗಿಯಾಗಿ ಹಿಡಿದಳು. ಕಾಲು ಮಾತ್ರ ನಿಲ್ಲಲಿಲ್ಲ.

ಮುಂದಿನ ವಾರ ಹೋದಾಗ ಅದೇ ಆರು ಮಕ್ಕಳ ಕೈಯಲ್ಲಿ ಪೊರಕೆ. ಮಿಕ್ಕವರು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದರು. ಪೊರಕೆಗಳನ್ನೆಲ್ಲ ಕಿತ್ತುಕೊಂಡು ಹೋಗಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಎಸೆದೆ. "ಎಲ್ಲಾ ಮಕ್ಕಳ ಸರದಿ ಪಟ್ಟಿ ಹಾಕಿ. ಇಲ್ಲಾಂದ್ರೆ ಬರೆದು ಮೇಲಕ್ಕೆ ಕಳಿಸ್ತೀನಿ" ಎಂದು ಕಿರುಚಿದೆ. ಅಳು ಬಂದು, ಇನ್ನಷ್ಟು ಸಿಟ್ಟಾಯಿತು. ಸಂಜೆಯೊಳಗೆ ಪಟ್ಟಿ ಗೋಡೆಗೇರಿತು. ನಾಚಿಕೆಯಿಂದಲ್ಲ, ಹೆದರಿಕೆಯಿಂದ.

ಹುಡುಗಿ ಏಳನೇ ಕ್ಲಾಸು ಮುಗಿಸಿ ಪಾಂಡವಪುರದ ಹೈಸ್ಕೂಲು ಸೇರಿದಳು. ಆದರೆ ಆ ಆರು ಮಕ್ಕಳಲ್ಲಿ ಇಬ್ಬರು ಮೊದಲ ವರ್ಷದ ದಸರಾ ರಜೆಯ ನಂತರವೇ ಬರಲಿಲ್ಲ. ಹುಡುಕಿಕೊಂಡು ಹೋದೆ. ಕಟಾವಾದ ಕಬ್ಬಿನ ಸೋಗೆ ಹೊರೆ ಕಟ್ಟುತ್ತಿದ್ದ ಒಬ್ಬ ನನ್ನನ್ನು ಕಂಡು ಬೆನ್ನು ತಿರುಗಿಸಿದ. ಇನ್ನೊಬ್ಬಳು ಬದುವಿನ ಮೇಲೆ ಕೂತು, "ಬತ್ತೀನಕ್ಕ, ನಾಳಿಕೆ ಬತ್ತೀನಿ" ಎಂದಳು.

ಬರಲಿಲ್ಲ.