ಜಾಯಿಂಟ್ ಕಾಣದ ನೆಲ

ಹೊಸ ನೆಲ ಕೂರಿಸಿದ ಮೇಲೆ ಈರಣ್ಣ ಕಾಕಾ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಅಂಗೈ ಆಡಿಸುತ್ತಿದ್ದ. ಎರಡು ಟೈಲ್ಸ್ ಕೂಡುವ ಕಡೆ ಕೈಗೆ ಏನಾದರೂ ತಾಗಿತೋ, ಸಿಮೆಂಟ್ ಒಣಗುವ ಮೊದಲೇ ಕಿತ್ತು ಮತ್ತೆ ಕೂರಿಸಬೇಕು. "ಜಾಯಿಂಟ್ ಕಂಡ್ರ ಅದು ನೆಲ ಅಲ್ಲಲೇ, ತುಂಡು ಹೊಲಿದ ಕೌದಿ," ಎನ್ನುತ್ತಿದ್ದ.

ವಿಜಾಪುರದ ಕಡೆಯಿಂದ ಬರಿಗೈಲಿ ಮುಂಬಯಿಗೆ ಬಂದ ನನಗೆ ಕರಣಿ ಹಿಡಿಯಲು ಕಲಿಸಿದವನು ಅವನೇ. ರಕ್ತಸಂಬಂಧವಿಲ್ಲ, ಒಂದೇ ಊರಿನವನೆಂದು ಕಾಕಾ. ಮುಂದೆ ನಾನು ಕಂತ್ರಾಟುದಾರನಾದೆ, ಅವನು ನನ್ನ ಬಳಿಯೇ ಮೇಸ್ತ್ರಿಯಾಗಿ ಉಳಿದ. ಅಂದಿನಿಂದ ನನ್ನ ಹೆಸರು ಬಿಟ್ಟು "ಸಾವ್ಕಾರ" ಎಂದು ಚುಚ್ಚುತ್ತಿದ್ದ. ಗಿರಾಕಿಯೊಂದಿಗೆ ನಾನು ದರ ಕುದುರಿಸುವಾಗ ಮೂಲೆಯಲ್ಲಿ ಕೂತು ಮುಸಿಮುಸಿ ನಗುತ್ತಿದ್ದ.

ಆ ನಗು ನಿಂತಾಗ ನಾನು ತಪ್ಪು ತಿಳಿದೆ. ಅವನ ಮುಖ ಗೋಡೆಯಂತಾಯಿತು, ದನಿ ಇಳಿಯಿತು, ಎಡಗಾಲು ಎಳೆಯತೊಡಗಿತು.

"ಏನ್ ಕಾಕಾ, ನನ್ ಮ್ಯಾಲ ಸಿಟ್ಟೇನು?"

"ಇಲ್ಲೋ."

"ಮತ್ತ ಮಾರಿ ಯಾಕ ಹಂಗ?"

"ಹ್ಯಾಂಗೈತಿ ಮಾರಿ?"

ಅವನಿಗೇ ಗೊತ್ತಿರಲಿಲ್ಲ. ಮುನಿಸೆಂದುಕೊಂಡು ನಾನೂ ವರ್ಷವಿಡೀ ಮುಖ ಊದಿಸಿಕೊಂಡು ತಿರುಗಿದೆ. ಕೊನೆಗೆ ಡಾಕ್ಟರು ಪಾರ್ಕಿನ್ಸನ್ ಎಂದರು. ಕೈ ನಡುಗಿದರೆ ಮಾತ್ರ ಆ ಕಾಯಿಲೆ ಎಂದು ನನ್ನ ಎಣಿಕೆ. ಕಾಕಾನ ಕೈ ಹೆಚ್ಚೇನೂ ನಡುಗುತ್ತಿರಲಿಲ್ಲ, ಮೈ ಬಿಗಿಯುತ್ತಿತ್ತು. ನಿಮ್ಮ ಮನೆಯ ಹಿರಿಯರು ಕಾರಣವಿಲ್ಲದೆ ಮುಖ ಬಿಗಿದು ಕಾಲೆಳೆಯತೊಡಗಿದರೆ, ನನ್ನ ಮಾತು ಕೇಳಿ, ಜಗಳಕ್ಕೆ ಮೊದಲು ಡಾಕ್ಟರ ಬಳಿ ಕರೆದೊಯ್ಯಿರಿ.

ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿ ಗುಳಿಗೆ. ಮೂರಕ್ಕೆ ಮುಗಿಸಬಹುದೇ ಎಂದು ನಾನು ಡಾಕ್ಟರೊಂದಿಗೂ ಚೌಕಾಸಿಗೆ ಇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು.

ಕೆಲಸಕ್ಕಲ್ಲ, ಬರೀ ಅಂಗೈ ಆಡಿಸಿ ನೆಲ ನೋಡಲೆಂದು ಒಮ್ಮೆ ಅವನನ್ನು ಪವಾಯಿಯ ಒಂದು ಫ್ಲ್ಯಾಟಿಗೆ ಕರೆದೊಯ್ದೆ. ಹನ್ನೆರಡಕ್ಕೆ ಗುಳಿಗೆ ಕೇಳಿದ. ಡಬ್ಬಿ ಕೆಳಗೆ ಕಾರಿನಲ್ಲಿತ್ತು. "ಗಿರಾಕಿ ಬಂದ್ ಹೋಗ್ಲಿ ಕಾಕಾ, ಅರ್ಧ ತಾಸು," ಎಂದೆ. ಗಿರಾಕಿ ಬಂದು ಹೋಗುವಷ್ಟರಲ್ಲಿ ಎರಡು ತಾಸಾಯಿತು. ಹೊರಡುವಾಗ ಕಾಕಾ ಬಾಗಿಲಲ್ಲೇ ನಿಂತುಬಿಟ್ಟ, ಪಾದಕ್ಕೆ ಗೋಂದು ಹಚ್ಚಿದ ಹಾಗೆ. "ನಡಿ ಕಾಕಾ, ಲಗೂನ ನಡಿ!" ಎಂದು ಕೈ ಹಿಡಿದು ಎಳೆದೆ. ಮೈ ಬಂತು, ಕಾಲು ಬರಲಿಲ್ಲ. ಹಣೆ ಹೊಸ್ತಿಲಿಗೆ ಬಡಿಯಿತು.

"ನಿನ್ ಚೌಕಾಸಿ ಬಜಾರದಾಗ ಇಟಗೊ," ಎಂದಳು ಅವನ ಹೆಂಡತಿ ಗಂಗವ್ವ ಕಾಕು, ಮನೆಗೆ ಕರೆತಂದಾಗ ರಕ್ತ ಒರೆಸುತ್ತ. "ನನ್ ಗಂಡನ ಗುಳಿಗಿ ಜೋಡಿ ಬ್ಯಾಡ."

ಆಮೇಲೆ ಅವನು ಹೊರಗೆ ಹೆಜ್ಜೆ ಇಡುವುದನ್ನೇ ಬಿಟ್ಟ. ಅಂಧೇರಿಯ ತನ್ನ ಮನೆಯೊಳಗೂ ಕುರ್ಚಿಯಿಂದ ಬಾಗಿಲಿಗೆ ಹತ್ತು ಹೆಜ್ಜೆ, ಆ ಹತ್ತರಲ್ಲಿ ಮೂರು ಸಲ ನಿಲ್ಲುತ್ತಿದ್ದ. ಮಕ್ಕಳಿಗೆ ಹೇಳುವಂತೆ ರಮಿಸಿ ನೋಡಿದೆ, ಗದರಿದೆ, ಬೇಡಿಕೊಂಡೆ. ಗೋಡೆ ಮುಖ ನನ್ನನ್ನೇ ನೋಡುತ್ತಿತ್ತು. ಒಮ್ಮೆ ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟದೆ ಕೆಳಗಿಳಿದು ಬಂದಿದ್ದೆ. ಎಂಥ ಬಿಲ್ಡರನನ್ನೂ ಎರಡು ಮಾತಿನಲ್ಲಿ ಬಗ್ಗಿಸಿದವನು ನಾನು. ಈ ಕಾಯಿಲೆ ಯಾವ ಮಾತಿಗೂ ಬಗ್ಗಲಿಲ್ಲ.

ದಾದರಿನಲ್ಲಿ ಪರಿಚಯದವರ ಚಾಳಿನಲ್ಲಿ ತೊಟ್ಟಿಲ ಕಾರ್ಯವಿತ್ತು. ಕಾಕು ಹಟ ಹಿಡಿದು ಅವನನ್ನು ಟ್ಯಾಕ್ಸಿಯಲ್ಲಿ ಕರೆತಂದಳು. ಹಳೆಯ ಕಾಲದ ಕಪ್ಪು-ಬಿಳಿ ಚೌಕಗಳ ಉದ್ದ ಪಡಸಾಲೆ. ಕಾಕಾ ಯಾರ ಕೈಯನ್ನೂ ಹಿಡಿಯದೆ ಈ ತುದಿಯಿಂದ ಆ ತುದಿಗೆ ನಡೆದುಬಿಟ್ಟ! ಮನೆಗೆ ಬಂದರೆ ಮತ್ತೆ ಅದೇ, ನಡುಮನೆಯಲ್ಲಿ ನಿಂತ. ಡಾಕ್ಟರನ್ನು ಕೇಳಿದೆ. ಅಡ್ಡ ಗೆರೆ ಕಂಡರೆ ಅದನ್ನು ದಾಟಲು ಇಂಥವರ ಕಾಲು ಏಳುತ್ತದೆ ಎಂದರು. ನಾನು ಅವನ ಮನೆಯ ನೆಲ ನೋಡಿದೆ. ದೊಡ್ಡ ದೊಡ್ಡ ಹೊಳೆಯುವ ಟೈಲ್ಸ್, ಅವನೇ ಕೂರಿಸಿದ್ದು. ಎಲ್ಲಿ ಹುಡುಕಿದರೂ ಒಂದು ಜಾಯಿಂಟ್ ಇಲ್ಲ.

ಭಾನುವಾರ ಕಪ್ಪು ಟೇಪು ತಂದು ಕುರ್ಚಿಯಿಂದ ಬಾಗಿಲತನಕ ಹೆಜ್ಜೆಗೊಂದರಂತೆ ಅಡ್ಡಪಟ್ಟಿ ಅಂಟಿಸತೊಡಗಿದೆ.

"ಸಾವ್ಕಾರ, ನನ್ ನೆಲ ಕೌದಿ ಮಾಡಾಕತ್ತಿಯೇನಲೇ?" ದನಿ ಪಿಸುಮಾತಿನಷ್ಟು.

"ಹೂಂ, ಮಾಡಾಕತ್ತೀನಿ. ಸುಮ್ನ ಕೂಡು."

ಕುರ್ಚಿಯಿಂದಲೇ ಪಟ್ಟಿ ನೋಡಿ ಅವನೆಂದ: "ಮೂರನೇದ್ದು ಎರಡು ಸೂತ ಸೊಟ್ಟ ಐತಿ."

ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಸೂತ. ಅಳೆದೆ, ಎರಡೇ ಸೂತ. ಕಿತ್ತು ಮತ್ತೆ ಅಂಟಿಸಿದೆ. ಐದನೆಯದನ್ನೂ ಕೀಳಿಸಿದ. ಆಮೇಲೆ ಎದ್ದ. ಎಳೆಯಲು ಹೋಗದೆ ನಾನು ಪಕ್ಕಕ್ಕೆ ನಿಂತೆ. ಒಂದೊಂದು ಪಟ್ಟಿ ದಾಟುತ್ತ, ಎಲ್ಲಿಯೂ ನಿಲ್ಲದೆ ಬಾಗಿಲಿಗೆ ಬಂದು ನನ್ನನ್ನು ಬೀಳ್ಕೊಟ್ಟ.

"ಈ ಕಡೀ ಪಟ್ಟಿನೂ ಎರಡು ಸೂತ ಸೊಟ್ಟ," ಎಂದ. ನಾನು ಬಗ್ಗಿದೆ.

"ಇರ್ಲಿ ಬಿಡು. ಮುಂದಿನ ಐತವಾರ ಬಂದು ನೆಟ್ಟಗ ಮಾಡು. ಇಲ್ಲಂದ್ರ ನೀ ಬರೂದಿಲ್ಲ."

ಮುಖ ಹಾಗೆಯೇ ಇತ್ತು. "ನಗಾಕತ್ತಾನ, ನಿನಗ ಕಾಣೂದಿಲ್ಲ," ಎಂದಳು ಕಾಕು.

ಆ ಭಾನುವಾರ ಒಬ್ಬ ಗಿರಾಕಿ ಸಿಕ್ಕಿದ, ನಾನು ಹೋಗಲಿಲ್ಲ. ಅದರ ಮುಂದಿನ ಭಾನುವಾರದ ಹೊತ್ತಿಗೆ ಕಾಕಾ ಎದೆಯ ಕಫದ ಜ್ವರದಲ್ಲಿ ಆಸ್ಪತ್ರೆ ಸೇರಿದ್ದ. ತಿರುಗಿ ಬರಲಿಲ್ಲ.

ಈಗಲೂ ಆ ಮನೆಗೆ ಹೋಗುತ್ತೇನೆ. ಹೋದಾಗಲೆಲ್ಲ ಬಾಗಿಲ ಬಳಿಯ ಪಟ್ಟಿ ಕೀಳಲೆಂದು ಉಗುರು ಹಾಕುತ್ತೇನೆ, ಕಾಕು ನನ್ನ ಕೈ ಸರಿಸುತ್ತಾಳೆ. ಅದು ಎರಡು ಸೂತ ಸೊಟ್ಟಗೇ ಇದೆ.