ಅಂಬರನಾಥದಲ್ಲೊಂದು ಚಳಿಗಾಲದ ಒಲೆ

ಮುಂಬೈ ಬಳಿಯ ಅಂಬರನಾಥ ಸ್ಟೇಷನ್ನಿನಲ್ಲಿ ಇಳಿದು, ಮಳೆಯಲ್ಲಿ ತೊಯ್ದುಕೊಂಡೇ ಸದಾನಂದಣ್ಣನ ವರ್ಕ್‌ಶಾಪ್ ಸೇರಿದೆ. ಅವರು ಉಡುಪಿ ಕಡೆಯವರು. ಹಿಮಾಚಲದ ಮನೆಗಳನ್ನು ಬೆಚ್ಚಗಿಡುವ ಒಲೆಗಳನ್ನು ಇಲ್ಲಿ ಬನಿಯನ್ನಿನಲ್ಲಿ ಕೂತು ತಯಾರಿಸುತ್ತಾರೆ. ಪರೀಕ್ಷೆಗೆಂದು ಹಚ್ಚಿದ್ದ ಒಲೆಯೊಂದರಲ್ಲಿ, ಮರದ ಹೊಟ್ಟನ್ನು ಒತ್ತಿ ಮಾಡಿದ ಪುಟ್ಟ ಪೆಲೆಟ್‌ಗಳು ಒಂದೊಂದಾಗಿ ಉರಿಗೆ ಬೀಳುತ್ತಿದ್ದವು. ಚಳಿಯ ಊರನ್ನು ಅವರು ನೋಡಿಯೇ ಇಲ್ಲವಂತೆ.

"ನೋಡ್ಲಿಕ್ಕೆ ಎಂಥ ಉಂಟು ಮಾರಾಯ್ರೆ? ಬೆಂಕಿ ಗೊತ್ತುಂಟಲ್ಲ, ಅಷ್ಟು ಸಾಕು" ಎಂದರು.

ಅಷ್ಟರಲ್ಲಿ ಶಿಮ್ಲಾ ಕಡೆಯ ಗಿರಾಕಿಯೊಬ್ಬರ ವಿಡಿಯೊ ಕಾಲ್ ಬಂತು. ನಡುವಯಸ್ಸಿನ ಹೆಂಗಸು. ಸದಾನಂದಣ್ಣ ಒಲೆಯ ಕಾವಿಗೆ ಸಾಕ್ಷಿಯಾಗಿ ಹಣೆಯ ಬೆವರು ತೋರಿಸಿ, "ದೇಖೋ, ಕಿತನಾ ಗರಮ್!" ಎಂದರು. ಆಕೆ ನಕ್ಕುಬಿಟ್ಟರು. ಮುಂಬೈ ಕಡೆ ಒಲೆಯಿಲ್ಲದೆಯೂ ಬೆವರುತ್ತದೆಂದು ಆಕೆಗೆ ಗೊತ್ತಿತ್ತು. ಆಕೆ ಕೇಳಿದ್ದು ಒಂದೇ ಪ್ರಶ್ನೆ: ಈ ಒಲೆಯ ಹತ್ತಿರ ಜುರಾಬ್ ಒಣಗುತ್ತದೆಯೆ?

ಜುರಾಬ್ ಎಂದರೇನೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆಕೆ ಕಾಲೆತ್ತಿ ಉಣ್ಣೆಯ ಕಾಲುಚೀಲ ತೋರಿಸಿದರು. ಎಲ್ಲರೂ ಚಪ್ಪಲಿ ಮೆಟ್ಟುವ ವರ್ಕ್‌ಶಾಪಿನಲ್ಲಿ ಕಾಲುಚೀಲ ಎಲ್ಲಿಂದ ಬರಬೇಕು? ಸದಾನಂದಣ್ಣ ನನ್ನ ಒದ್ದೆ ಬೂಟುಗಳ ಕಡೆ ನೋಡಿದರು.

ಒಲೆಯ ಮೇಲೆ ಕಟ್ಟಿದ ತಂತಿಯಲ್ಲಿ ನನ್ನ ಕಾಲುಚೀಲಗಳು ಹಬೆಯಾಡಿದವು. ಅರ್ಧ ಗಂಟೆಯ ನಂತರ ಸದಾನಂದಣ್ಣನೇ ಆಕೆಗೆ ಕಾಲ್ ಮಾಡಿ, ಒಂದನ್ನು ಕ್ಯಾಮೆರಾದ ಮುಂದೆ ಹಿಂಡಿದರು. ಒಂದು ಹನಿಯೂ ಬೀಳಲಿಲ್ಲ. "ಭೇಜ್ ದೋ ಭೈಯಾ" ಎಂದು ಆಕೆ ಒಲೆ ಕಳಿಸಲು ಹೇಳಿದರು.

ನಾನು ಕೈ ಚಾಚಿದೆ. ಸದಾನಂದಣ್ಣ ಕಾಲುಚೀಲಗಳನ್ನು ನೀಟಾಗಿ ಮಡಚಿ ಸ್ಪ್ಯಾನರ್‌ಗಳ ಡಬ್ಬದಲ್ಲಿಟ್ಟರು.

"ಇದು ಇಲ್ಲೇ ಇರಲಿ ಮಾರಾಯ್ರೆ, ಟೆಸ್ಟಿಂಗಿಗೆ ಬೇಕಾಗ್ತದೆ."